102 ದಿನ ಎಲ್ಲಿ, 24 ವರ್ಷ ಎಲ್ಲಿ? ಯುದ್ಧವಿಮಾನಕ್ಕೆ ಇಷ್ಟು ಕಾಲ, ಇಷ್ಟು ದುಡ್ಡು ಯಾಕೆ?

ಗಾಳಿಗುದುರೆ

ಒಂದು ಅಂಕಿ ಮೊನ್ನೆಯಿಂದ ತಲೆ ಕೊರೀತಾ ಇದೆ. 1940ರಲ್ಲಿ ನಾರ್ತ್ ಅಮೆರಿಕನ್ ಕಂಪನಿಯವರು ಮಸ್ಟಾಂಗ್ ಯುದ್ಧವಿಮಾನದ ಮೊದಲ ಮಾದರಿಯನ್ನು ಹ್ಯಾಂಗರ್‌ನಿಂದ ಹೊರಗೆ ತಳ್ಳಿದ್ದು 102 ದಿನದಲ್ಲಿ. 1943ರಲ್ಲಿ ಲಾಕ್‌ಹೀಡ್‌ನ ಕೆಲ್ಲಿ ಜಾನ್ಸನ್ ತಂಡ ಎಕ್ಸ್‌ಪಿ-80 ಜೆಟ್ಟನ್ನು ಕಟ್ಟಿ ಮುಗಿಸಿದ್ದು 143 ದಿನದಲ್ಲಿ. ಕಂಪ್ಯೂಟರ್ ಇಲ್ಲ, ಸ್ಲೈಡ್ ರೂಲ್ ಮತ್ತು ಪೆನ್ಸಿಲ್ ಅಷ್ಟೆ.

ಈಗ? ಎಫ್-22ರಂಥ ವಿಮಾನ ಬೇಕು ಅಂತ ಅಮೆರಿಕದ ವಾಯುಪಡೆ ಬರೆದಿಟ್ಟದ್ದು 1981ರಲ್ಲಿ. ಅದು ಸೇವೆಗೆ ಸಿದ್ಧ ಅಂತ ಸಾರಿದ್ದು 2005ರ ಡಿಸೆಂಬರ್‌ನಲ್ಲಿ. ತೇಜಸ್ ಕೆಲಸ 1983ರಲ್ಲಿ ಶುರು, ಸ್ಕ್ವಾಡ್ರನ್‌ಗೆ ಬಂದದ್ದು 2016ರಲ್ಲಿ. ಯೂರೋಫೈಟರ್, ರಫಾಲ್ ಕಥೆಯೂ ಇದೇ. ಸೂಪರ್ ಕಂಪ್ಯೂಟರ್ ಕೈಗೆ ಬಂದ ಮೇಲೆ ಕೆಲಸ ಬೇಗ ಆಗಬೇಕಿತ್ತಲ್ಲ? ಇದರಲ್ಲಿ ಎಷ್ಟು ನಿಜವಾದ ಕಷ್ಟ, ಎಷ್ಟು ಕಂಪನಿಗಳ ಹೊಟ್ಟೆ ತುಂಬಿಸೋ ಆಟ? ಗೊತ್ತಿರೋರು ಬಿಡಿಸಿ ಹೇಳಿ.

ಮೂಗುತಿ

ಎರಡನೇದೇ. ಚರ್ಚೆ ಮುಗೀತು, ಮನೆಗೆ ಹೋಗಿ.

ನಿಧಾನಿ

ಅಷ್ಟು ಬೇಗ ಮುಗಿಸಬೇಡಿ. ಆ 102 ದಿನ ನಿಜ, ಆದರೆ ಆ ದಿನ ಹೊರಗೆ ಬಂದ ವಿಮಾನದಲ್ಲಿ ಎಂಜಿನ್ನೇ ಇರಲಿಲ್ಲ! ಚಕ್ರಗಳು ತರಬೇತಿ ವಿಮಾನದಿಂದ ಎರವಲು ತಂದದ್ದು. ಹಾರಿದ್ದು 1940ರ ಅಕ್ಟೋಬರ್ 26ಕ್ಕೆ. ಅದೂ ನಮಗೆ ಗೊತ್ತಿರುವ ಮಸ್ಟಾಂಗ್ ಅಲ್ಲ. ಅದರಲ್ಲಿದ್ದ ಆಲಿಸನ್ ಎಂಜಿನ್ ಎತ್ತರಕ್ಕೆ ಹೋದರೆ ಏದುಸಿರು ಬಿಡುತ್ತಿತ್ತು. 1942ರಲ್ಲಿ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ ಕೂರಿಸಿ ನೋಡಿದ ಮೇಲೇ ಅದು ಬರ್ಲಿನ್‌ವರೆಗೆ ಬಾಂಬರ್‌ಗಳ ಜೊತೆ ಹೋಗಿ ಬರುವ ವಿಮಾನ ಆದದ್ದು. ಅಂದರೆ ಯಾವ ದಿನದಿಂದ ಯಾವ ದಿನಕ್ಕೆ ಎಣಿಸ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ಮಸ್ಟಾಂಗ್‌ಗೆ ಕೆಲಸ ಹಿಡಿದ ದಿನದಿಂದ ಹೊರಗೆ ತಳ್ಳಿದ ದಿನದವರೆಗೆ ಎಣಿಸಿದಿರಿ. ಎಫ್-22ಕ್ಕೆ ಆಸೆ ಹುಟ್ಟಿದ ದಿನದಿಂದ ಯುದ್ಧಕ್ಕೆ ಸಿದ್ಧವಾದ ದಿನದವರೆಗೆ ಎಣಿಸಿದಿರಿ. ಒಂದಕ್ಕೆ ಗೇಣು, ಇನ್ನೊಂದಕ್ಕೆ ಮಾರು ಹಿಡಿದು ಅಳೆದ ಹಾಗಾಯಿತು.

ಮಸ್ಟಾಂಗ್‌ಗೆ ಹಿಡಿದ ಕೋಲನ್ನೇ ಎಫ್-22ಕ್ಕೂ ಹಿಡಿಯಿರಿ. ಎರಡು ತಂಡಗಳಿಗೆ ಮಾದರಿ ಕಟ್ಟಲು ಹೇಳಿದ್ದು 1986ರಲ್ಲಿ, ವೈಎಫ್-22 ಹಾರಿದ್ದು 1990ರ ಸೆಪ್ಟೆಂಬರ್‌ನಲ್ಲಿ. ನಾಲ್ಕು ವರ್ಷ. 102 ದಿನ ಅಲ್ಲ, ಒಪ್ಪಿದೆ. ಆದರೆ 24 ವರ್ಷವೂ ಅಲ್ಲ. ಉಳಿದ ಕಾಲ ಎಲ್ಲಿ ಹೋಯಿತು ಅನ್ನೋದೇ ಕೇಳಬೇಕಾದ ಪ್ರಶ್ನೆ.

ಗಾಳಿಗುದುರೆ

ಎಂಜಿನ್ ಇಲ್ಲದೆ ಹೊರಗೆ ತಳ್ಳಿದ್ರು ಅನ್ನೋದು ಗೊತ್ತಿರಲಿಲ್ಲ. ಸರಿ, ಎಲ್ಲಿ ಹೋಯಿತು?

ನಿಧಾನಿ

ಒಂದು ಪಾಲು ಸೋವಿಯತ್ ಒಕ್ಕೂಟದ ಜೊತೆ ಹೋಯಿತು. 1991ರ ಏಪ್ರಿಲ್‌ನಲ್ಲಿ ಗೆದ್ದ ವಿನ್ಯಾಸ ಘೋಷಣೆಯಾಯಿತು, ಅದೇ ವರ್ಷದ ಕೊನೆಗೆ ಶತ್ರುವೇ ಇಲ್ಲ. ಪ್ರತಿವರ್ಷ ಬಜೆಟ್ ಕತ್ತರಿ, ವೇಳಾಪಟ್ಟಿ ಮುಂದಕ್ಕೆ. ರಫಾಲ್ ಕೂಡ ಹಾಗೇ. ರಫಾಲ್-ಎ 1986ರ ಜುಲೈನಲ್ಲೇ ಹಾರಿತ್ತು, ಫ್ರೆಂಚ್ ವಾಯುಪಡೆಯ ಸ್ಕ್ವಾಡ್ರನ್‌ಗೆ ಬರುವ ಹೊತ್ತಿಗೆ 2006. ಎಂಜಿನಿಯರ್‌ಗಳು 20 ವರ್ಷ ನಿದ್ದೆ ಮಾಡಿರಲಿಲ್ಲ, ಸರ್ಕಾರಕ್ಕೆ ಅವಸರ ಇರಲಿಲ್ಲ. 1940ರಲ್ಲಿ ಎಲ್ಲರಿಗೂ ಅವಸರ ಇತ್ತು, ಮನೆಗೇ ಬೆಂಕಿ ಬಿದ್ದಿತ್ತು.

ರಿವೆಟ್

ನಾನು ಈ ಕಾರ್ಖಾನೆ ಕೆಲಸದಲ್ಲೇ ಕೂದಲು ಹಣ್ಣು ಮಾಡಿಕೊಂಡವನು, ಯಾವ ಕಡೆ ಅಂತ ಕೇಳಬೇಡಿ. ಹಳೇ ಕಾಲದ ವೇಗದ ಬಗ್ಗೆ ಮಾತಾಡೋರು ಒಂದು ಲೆಕ್ಕ ಬಿಟ್ಟುಬಿಡ್ತಾರೆ. ಸತ್ತವರ ಲೆಕ್ಕ.

ಎಕ್ಸ್‌ಪಿ-80 143 ದಿನದಲ್ಲಿ ತಯಾರಾಯಿತು, ಸರಿ. ನೆಲದ ಮೇಲೆ ಪರೀಕ್ಷೆ ಮಾಡುವಾಗಲೇ ಗಾಳಿ ಒಳಗೆ ಹೋಗುವ ಕೊಳವೆ ಕುಸಿದು ಎಂಜಿನ್ ಹಾಳಾಯಿತು. ಬ್ರಿಟನ್‌ನಿಂದ ಬಂದ ಎಂಜಿನ್ ಅದು. ಇನ್ನೊಂದು ಬರೋವರೆಗೆ ಕಾದು 1944ರ ಜನವರಿ 8ಕ್ಕೆ ಹಾರಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಾಕ್‌ಹೀಡ್‌ನ ಮುಖ್ಯ ಪರೀಕ್ಷಾ ಪೈಲಟ್ ಮಿಲೋ ಬರ್ಚಮ್ ಆ ಜಾತಿಯ ವಿಮಾನದಲ್ಲೇ ಜೀವ ಕಳೆದುಕೊಂಡರು. ಮರುವರ್ಷ ಆಗಸ್ಟ್ 6ಕ್ಕೆ ರಿಚರ್ಡ್ ಬಾಂಗ್. ಯುದ್ಧದಲ್ಲಿ 40 ಶತ್ರು ವಿಮಾನ ಉರುಳಿಸಿ ಒಂದು ಗೀರೂ ಇಲ್ಲದೆ ಮರಳಿದ ಮನುಷ್ಯ, ಊರಿಗೆ ಬಂದು ಪಿ-80 ಪರೀಕ್ಷೆ ಮಾಡುವಾಗ ಇಂಧನದ ಪಂಪ್ ಕೈಕೊಟ್ಟು ಸತ್ತರು.

1950ರ ದಶಕ ಇನ್ನೂ ಘೋರ. ಎಫ್-100, 101, 102, 104, 105, 106 ಅಂತ ವರ್ಷಕ್ಕೊಂದು ವಿಮಾನ ಬರುತ್ತಿತ್ತು, ನೋಡೋಕೆ ಹಬ್ಬ. ಅದರಲ್ಲಿ ಎಫ್-104ನ್ನು ಪಶ್ಚಿಮ ಜರ್ಮನಿ 916 ತಗೊಂಡಿತು. 292 ಬಿದ್ದವು, 116 ಪೈಲಟ್‌ಗಳು ತೀರಿಕೊಂಡರು. ಯುದ್ಧ ಇಲ್ಲದ ಕಾಲದಲ್ಲಿ, ಬರೀ ಅಭ್ಯಾಸದಲ್ಲಿ! ಜನ ಅದಕ್ಕೆ ‘ವಿಧವೆಯರನ್ನು ಮಾಡೋ ವಿಮಾನ’ ಅಂತಲೇ ಹೆಸರಿಟ್ಟಿದ್ದರು.

ಇವತ್ತು ಎಫ್-35 2006ರಲ್ಲಿ ಮೊದಲು ಹಾರಿ, ಮೊದಲ ಬಾರಿ ಬಿದ್ದದ್ದು 2018ರಲ್ಲಿ. ತೇಜಸ್ 2001ರಲ್ಲಿ ಹಾರಿ ಮೊದಲು ಬಿದ್ದದ್ದು 2024ರ ಮಾರ್ಚ್‌ನಲ್ಲಿ, ಪೈಲಟ್ ಹೊರಗೆ ಚಿಮ್ಮಿ ಬದುಕಿದರು. (2025ರ ನವೆಂಬರ್‌ನಲ್ಲಿ ದುಬೈ ಪ್ರದರ್ಶನದಲ್ಲಿ ಒಬ್ಬರನ್ನು ಕಳೆದುಕೊಂಡೆವು. ಅದನ್ನು ಮರೆಮಾಚಿ ಮಾತಾಡೋದು ಸರಿಯಲ್ಲ.) ಆಗ ಸ್ಕ್ವಾಡ್ರನ್‌ನಲ್ಲಿ, ಹೆಣದ ಮೇಲೆ ಕಲಿತ ಪಾಠವನ್ನು ಈಗ ಪರೀಕ್ಷೆಯ ವರ್ಷಗಳಲ್ಲಿ ಕಲೀತಾರೆ. ವರ್ಷ ಜಾಸ್ತಿ ಆಗೇ ಆಗುತ್ತೆ.

ಮೂಗುತಿ

ಇದಕ್ಕೆ ಎದುರು ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ಆದರೆ ಸುರಕ್ಷತೆ ಅನ್ನೋದು ಎಲ್ಲ ತಡಕ್ಕೂ ಹೊದಿಸೋ ಕಂಬಳಿ ಆಗಬಾರದು.

ಬಿಟ್ಟು_ಬೈಟು

ನಾನು ಸಾಫ್ಟ್‌ವೇರ್ ಕಡೆಯವಳು, ಅದನ್ನಷ್ಟೇ ಹೇಳ್ತೀನಿ.

ಮಸ್ಟಾಂಗ್‌ನಲ್ಲಿ ಕೋಲು ಎಳೆದರೆ ತಂತಿ ಎಳೆಯುತ್ತೆ, ತಂತಿ ರೆಕ್ಕೆಯ ಪಟ್ಟಿ ಎಳೆಯುತ್ತೆ. ಎಫ್-16ರಿಂದ ಈಚೆಗೆ ಬಂದವು ಬಹುತೇಕ ಬೇಕಂತಲೇ ಅಸ್ಥಿರವಾಗಿ ಮಾಡಿದ ವಿಮಾನಗಳು. ಬೇಗ ತಿರುಗಲಿ ಅಂತ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ಸರಿಪಡಿಸದಿದ್ದರೆ ಯಾವ ಪೈಲಟ್ಟೂ ಅವನ್ನು ಹಿಡಿದು ನಿಲ್ಲಿಸೋಕಾಗಲ್ಲ. ಅಲ್ಲಿ ಒಂದು ಗುಣಾಂಕ ತಪ್ಪಿದರೆ ವಿಮಾನವೇ ಹೋಯಿತು.

ವೈಎಫ್-16 ಮೊದಲು ಹಾರಿದ್ದು ಯಾರೂ ಹಾರಿಸಬೇಕು ಅಂದುಕೊಳ್ಳದ ದಿನ! 1974ರ ಜನವರಿ 20, ರನ್‌ವೇ ಮೇಲೆ ಓಡಿಸಿ ನೋಡೋ ಪರೀಕ್ಷೆ ಅಷ್ಟೆ. ವಿಮಾನ ಆ ಕಡೆ ಈ ಕಡೆ ವಾಲೋಕೆ ಶುರುಮಾಡಿತು, ನೆಲದ ಮೇಲಿದ್ದರೆ ಒಡೆದುಹೋಗುತ್ತೆ ಅಂತ ಪೈಲಟ್ ಎತ್ತಿಕೊಂಡು ಹೋದರು, ಆರು ನಿಮಿಷ ಸುತ್ತಿ ಇಳಿಸಿದರು. ಅವರ ಅದೃಷ್ಟ. ಸ್ವೀಡನ್‌ನ ಗ್ರಿಪೆನ್‌ಗೆ ಆ ಅದೃಷ್ಟ ಇರಲಿಲ್ಲ. 1988ರ ಡಿಸೆಂಬರ್‌ನಲ್ಲಿ ಹಾರಿತು, 1989ರ ಫೆಬ್ರವರಿ 2ಕ್ಕೆ ಇಳಿಯುವಾಗ ಅಡಿಮೇಲಾಯಿತು. ನಿಯಂತ್ರಣ ಸಾಫ್ಟ್‌ವೇರ್‌ನ ದೋಷ. ತಿದ್ದಿದರು, 1993ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಾವಿರಾರು ಜನರ ಕಣ್ಣೆದುರೇ ಇನ್ನೊಂದು ಬಿತ್ತು. ಎರಡೂ ಸಲ ಒಳಗಿದ್ದದ್ದು ಒಬ್ಬರೇ ಪೈಲಟ್, ಎರಡೂ ಸಲ ಬದುಕಿದರು. ಆ ಮನುಷ್ಯನ ಗುಂಡಿಗೆ ಯಾವ ಲೋಹದ್ದೋ!

ತೇಜಸ್‌ಗೆ ಇದೇ ಜಾಗದಲ್ಲಿ ಪೆಟ್ಟು ಬಿದ್ದದ್ದು. ನಿಯಂತ್ರಣ ನಿಯಮಗಳ (ಕಂಪ್ಯೂಟರ್ ವಿಮಾನವನ್ನು ಹಿಡಿದು ನಿಲ್ಲಿಸೋ ಲೆಕ್ಕಗಳ) ಕೆಲಸಕ್ಕೆ ಅಮೆರಿಕದಲ್ಲಿದ್ದ ನಮ್ಮ ತಂಡವನ್ನು 1998ರ ಪೋಖ್ರಾನ್ ಪರೀಕ್ಷೆ ಆದ ಮೇಲೆ ವಾಪಸ್ ಕಳಿಸಿದರು. ಇಲ್ಲಿ ಕೂತು ಮುಗಿಸಬೇಕಾಯಿತು, ಮುಗಿಸಿದರು. ಆ ವರ್ಷಗಳನ್ನು ‘ವಿಳಂಬ’ ಅಂತ ಒಂದೇ ಪದದಲ್ಲಿ ಬರೆದುಬಿಟ್ಟರೆ ನನಗೆ ಸಂಕಟ ಆಗುತ್ತೆ.

ಇನ್ನು ಚಿಪ್. ಎಫ್-22ರ ಮುಖ್ಯ ಕಂಪ್ಯೂಟರ್‌ಗೆ ಇಂಟೆಲ್‌ನ ಐ960 ಆರಿಸಿದಾಗ ಅದು ಹೊಸದು. ವಿಮಾನ ಸೇವೆಗೆ ಬರೋ ಹೊತ್ತಿಗೆ ಆ ಚಿಪ್ ಮ್ಯೂಸಿಯಂ ವಸ್ತು. ಹಾಗಂತ ಬದಲಾಯಿಸೋಣ ಅಂದರೆ ಮತ್ತೆ ಎಲ್ಲ ಪರೀಕ್ಷೆ. ಎಫ್-35ರಲ್ಲಿ ಹೊಸ ಕಂಪ್ಯೂಟರ್ ಹಾಕೋಕೆ ಹೋಗಿ 2023ರ ಜುಲೈನಿಂದ ಸುಮಾರು ಒಂದು ವರ್ಷ ಆ ಹೊಸ ವಿಮಾನಗಳನ್ನು ಸರ್ಕಾರ ಕೈಗೆ ತಗೊಳ್ಳಲೇ ಇಲ್ಲ. ಲೋಹದ ಕೆಲಸ ಪೂರ್ತಿ, ಸಾಫ್ಟ್‌ವೇರ್ ಅರೆಬರೆ. ಸಾಲಾಗಿ ನಿಲ್ಲಿಸಿಟ್ಟಿದ್ದರು.

ಗಾಳಿಗುದುರೆ

ಇದು ಕಾಲದ ಮಾತಾಯಿತು. ದುಡ್ಡು? ಒಂದು ಕಡೆ ಎಫ್-35 8 ಕೋಟಿ ಡಾಲರ್ ಅಂತಾರೆ, ಇನ್ನೊಂದು ಕಡೆ ಅದರ ಎರಡು ಪಟ್ಟು. ಯಾವುದು ನಿಜ?

ಲೆಕ್ಕಿಗ

ಎರಡೂ ನಿಜ. ಭಾಗಿಸೋದು ಏನನ್ನ, ಯಾವುದರಿಂದ ಅನ್ನೋದೇ ವ್ಯತ್ಯಾಸ.

ಮೊದಲನೇದು ಕಾರ್ಖಾನೆ ಬಾಗಿಲಿನ ಬೆಲೆ. ಚೌಕಟ್ಟು, ಎಂಜಿನ್, ರೇಡಾರ್ ಸೇರಿ ಹಾರೋ ಸ್ಥಿತಿಯ ಒಂದು ವಿಮಾನ. ಎಫ್-35ಎಯ 14ನೇ ಕಂತಿನಲ್ಲಿ ಅದು 8 ಕೋಟಿ ಡಾಲರ್‌ಗೂ ಕೆಳಗೆ ಬಂದಿತ್ತು. ಅದೇ ವಿಮಾನದ ಮೊಟ್ಟಮೊದಲ ಕಂತಿನಲ್ಲಿ 20 ಕೋಟಿ ಮೀರಿತ್ತು. ಎರಡನೇದು, ಅಭಿವೃದ್ಧಿಗೆ ಸುರಿದ ಹಣವನ್ನೂ ಸೇರಿಸಿ ಒಟ್ಟು ವಿಮಾನಗಳ ಸಂಖ್ಯೆಯಿಂದ ಭಾಗಿಸಿದ್ದು. ಪತ್ರಿಕೆಗಳಿಗೆ ಇದು ಇಷ್ಟ, ದೊಡ್ಡದಾಗಿ ಕಾಣುತ್ತೆ. ಮೂರನೇದು ಜೀವಮಾನದ ಖರ್ಚು. ಎಫ್-35 ಪಡೆಯನ್ನು ಕೊನೇವರೆಗೆ ಸಾಕೋಕೆ ಎಷ್ಟು ಅಂತ ಅಮೆರಿಕ 2018ರಲ್ಲಿ ಹಾಕಿದ ಅಂದಾಜು 1.1 ಲಕ್ಷ ಕೋಟಿ ಡಾಲರ್, 2023ಕ್ಕೆ ಅದು 1.58 ಲಕ್ಷ ಕೋಟಿಗೆ ಏರಿತು. ಕೊಳ್ಳೋದಲ್ಲ, ಸಾಕೋದು. ಆನೆ ಕೊಂಡವನಿಗೆ ಮೇವಿನ ಚಿಂತೆ ಅಂತಾರಲ್ಲ, ಅದು.

ಈಗ ಎಫ್-22. ದುಂಡಾಗಿ ಅಭಿವೃದ್ಧಿಗೆ 3,000 ಕೋಟಿ ಡಾಲರ್ ಅಂತ ಇಟ್ಟುಕೊಳ್ಳಿ. ಮೊದಲು ಬೇಕಿದ್ದದ್ದು 750 ವಿಮಾನ, ಅಂದರೆ ತಲಾ 4 ಕೋಟಿ ಅಭಿವೃದ್ಧಿಯ ಹೊರೆ. ಕೊನೆಗೆ ಸೇವೆಗೆ ಕಟ್ಟಿದ್ದು 187. ಹೊರೆ 16 ಕೋಟಿ ಆಯಿತು. ವಿಮಾನದ ಒಂದು ಬೋಲ್ಟೂ ಬದಲಾಗಿಲ್ಲ, ಛೇದ ಮಾತ್ರ ಚಿಕ್ಕದಾಯಿತು. ಸಂಸತ್ತಿನಲ್ಲಿ ಯಾರೋ ಎದ್ದು ‘ಇಷ್ಟು ದುಬಾರಿ ವಿಮಾನ ಯಾಕೆ, ಕಡಿಮೆ ಮಾಡಿ’ ಅಂತಾರೆ, ಕಡಿಮೆ ಮಾಡಿದ್ದಕ್ಕೆ ಇನ್ನೂ ದುಬಾರಿ ಆಗುತ್ತೆ, ಮತ್ತೊಬ್ಬರು ಏಳ್ತಾರೆ. ಬಿ-2 ಬಾಂಬರ್ ಈ ಸುಳಿಗೆ ಸಿಕ್ಕಿ 132ರಿಂದ 21ಕ್ಕೆ ಇಳಿದು, ಅಭಿವೃದ್ಧಿ ಸೇರಿ ಒಂದಕ್ಕೆ 200 ಕೋಟಿ ಡಾಲರ್ ದಾಟಿತು.

ಸಂಖ್ಯೆ ಹೆಚ್ಚಿದರೆ ಇನ್ನೊಂದು ಲಾಭ ಇದೆ. 1936ರಲ್ಲೇ ಥಿಯೋಡರ್ ರೈಟ್ ಅನ್ನೋ ಎಂಜಿನಿಯರ್ ತೋರಿಸಿಕೊಟ್ಟಿದ್ದರು: ಕಟ್ಟಿದ ವಿಮಾನಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಒಂದೊಂದಕ್ಕೆ ಬೇಕಾಗೋ ಕೆಲಸದ ಗಂಟೆಗಳು ಸುಮಾರು ಶೇ. 20 ಇಳಿಯುತ್ತವೆ. ಆ ಇಳಿಜಾರಿನ ಲಾಭ ಸಿಗೋಕೆ ಆರ್ಡರ್ ಬೇಕು. ಆರ್ಡರ್ ಬರೋಕೆ ಬೆಲೆ ಇಳಿಯಬೇಕು.

ಮೂಗುತಿ

ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ.

ಲೆಕ್ಕಿಗ

ಅದೇ. ನಾರ್ಮನ್ ಆಗಸ್ಟಿನ್ ಅಂತ ಒಬ್ಬರು, ವಿಮಾನ ಉದ್ಯಮದಲ್ಲೇ ದೊಡ್ಡ ಸ್ಥಾನದಲ್ಲಿದ್ದವರು, ಬೆಲೆ ಏರೋ ಗೆರೆಯನ್ನು ಹಾಗೇ ಮುಂದೆ ಎಳೆದು ತಮಾಷೆ ಮಾಡಿದ್ದರು. 2054ರಲ್ಲಿ ಅಮೆರಿಕದ ಇಡೀ ರಕ್ಷಣಾ ಬಜೆಟ್‌ಗೆ ಒಂದೇ ಒಂದು ವಿಮಾನ ಬರುತ್ತೆ, ವಾಯುಪಡೆ ಮತ್ತು ನೌಕಾಪಡೆ ವಾರಕ್ಕೆ ಮೂರೂವರೆ ದಿನದಂತೆ ಹಂಚಿಕೊಳ್ಳಬೇಕು ಅಂತ. ಅಧಿಕ ವರ್ಷದಲ್ಲಿ ಉಳಿಯೋ ಒಂದು ದಿನ ಮರೀನ್‌ಗಳಿಗೆ, ಅಂದರೆ ಹಡಗಿನಿಂದ ಇಳಿದು ಕಾದಾಡೋ ಪಡೆಗೆ.

ಗಾಳಿಗುದುರೆ

ಹಹ್ಹಾ. ಆದರೆ ಮೂಗುತಿ ಅವರ ಪ್ರಶ್ನೆ ಹಾಗೇ ಉಳೀತು. ಇದರಲ್ಲಿ ಯಾರ ತಪ್ಪೂ ಇಲ್ವಾ? ಎಲ್ಲ ಪ್ರಕೃತಿ ನಿಯಮವೇ?

ನಿಧಾನಿ

ತಪ್ಪು ಬೇಕಾದಷ್ಟಿದೆ. ಎಫ್-35ನ್ನೇ ತಗೊಳ್ಳಿ. ಒಂದೇ ವಿಮಾನ ವಾಯುಪಡೆಗೆ, ನೌಕಾಪಡೆಗೆ, ನೇರ ಕೆಳಗಿಳಿಯೋದು ಬೇಕು ಅನ್ನೋ ಮರೀನ್‌ಗಳಿಗೆ. ಭಾಗಗಳಲ್ಲಿ ಬಹುಪಾಲು ಒಂದೇ ಇರುತ್ತೆ, ದುಡ್ಡು ಉಳಿಯುತ್ತೆ ಅಂದುಕೊಂಡರು. 1960ರ ದಶಕದಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ ಎಫ್-111 ವಿಷಯದಲ್ಲಿ ಇದನ್ನೇ ಮಾಡಲು ಹೋಗಿ, ತೂಕ ಹೆಚ್ಚಾಗಿ, ನೌಕಾಪಡೆ ಕೈತೊಳೆದುಕೊಂಡಿತ್ತು. ಆ ಪಾಠ ಯಾರೂ ಓದಲಿಲ್ಲ. 2004ರ ಹೊತ್ತಿಗೆ ನೇರ ಇಳಿಯೋ ಮಾದರಿ ಟನ್‌ಗಿಂತ ಹೆಚ್ಚು ತೂಕ ಮೀರಿತ್ತು, ವಿನ್ಯಾಸ ತಿದ್ದೋಕೆ ವರ್ಷಗಟ್ಟಲೆ ಹೋಯಿತು. ಕೊನೆಗೆ ಮೂರಕ್ಕೂ ಸಮಾನವಾಗಿ ಉಳಿದ ಭಾಗ ಕಾಲುಭಾಗವನ್ನು ಮೀರಿಲ್ಲ ಅಂತ ಯೋಜನೆಯ ಮುಖ್ಯಸ್ಥರೇ ಒಪ್ಪಿಕೊಂಡರು.

ಅದಕ್ಕಿಂತ ದೊಡ್ಡ ತಪ್ಪು, ಪರೀಕ್ಷೆ ಮುಗಿಯೋ ಮೊದಲೇ ಉತ್ಪಾದನೆ ಶುರುಮಾಡಿದ್ದು. ಪರೀಕ್ಷೆಯಲ್ಲಿ ಬಿರುಕು ಕಂಡರೆ ಆಗಲೇ ಕಟ್ಟಿದ ವಿಮಾನಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡಬೇಕು. ಪೆಂಟಗನ್‌ನ, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ, ಖರೀದಿ ಮುಖ್ಯಸ್ಥರಾಗಿದ್ದ ಫ್ರಾಂಕ್ ಕೆಂಡಾಲ್ 2012ರಲ್ಲಿ ಇದು ಖರೀದಿಯಲ್ಲಿ ಮಾಡಿದ ಅಪಚಾರ ಅನ್ನೋ ಅರ್ಥದ ಮಾತು ಆಡಿದ್ದರು.

ಯೂರೋಫೈಟರ್‌ದು ಬೇರೆ ಥರ. ನಾಲ್ಕು ದೇಶ, ನಾಲ್ಕು ಕಡೆ ಜೋಡಣಾ ಸಾಲು. ವಾರ್ಟನ್, ಮಾಂಚಿಂಗ್, ಟುರಿನ್, ಗೆಟಾಫೆ. ಒಂದು ರೆಕ್ಕೆ ಸ್ಪೇನ್‌ನಿಂದ, ಇನ್ನೊಂದು ಇಟಲಿಯಿಂದ! ಎಂಜಿನಿಯರಿಂಗ್‌ಗೆ ಇದರಿಂದ ಕವಡೆ ಲಾಭ ಇಲ್ಲ. ಉದ್ಯೋಗ ಹಂಚಿಕೆಯ ರಾಜಕೀಯ.

ರಿವೆಟ್

ರೆಕ್ಕೆ ವಿಷಯ ಬಂದಾಗ ನಗು ಬಂತು. ನಾನಿದ್ದ ಕಡೆ ಎರಡು ಊರಿನಿಂದ ಬಂದ ಎರಡು ಭಾಗದ ತೂತುಗಳು ಕೂಡಿ ಬರದೆ ಮೂರು ವಾರ ಕೂತಿದ್ದೆವು. ಎರಡೂ ಕಡೆಯವರ ಅಳತೆ ಸರಿಯೇ, ಅಳೆದ ದಿನದ ಬಿಸಿಲು ಬೇರೆ ಬೇರೆ. ಅದಿರಲಿ.

ಎಂಜಿನ್ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ. ವಿಮಾನದ ಚೌಕಟ್ಟು ಹತ್ತು ದೇಶ ಕಟ್ಟಬಲ್ಲವು, ಅದರ ಎಂಜಿನ್ ಕಟ್ಟೋರು ಬೆರಳೆಣಿಕೆ. ಟರ್ಬೈನ್‌ನ ಎಲೆಗೆ ಬಡಿಯೋ ಗಾಳಿ ಆ ಎಲೆಯ ಲೋಹ ಕರಗೋ ಶಾಖಕ್ಕಿಂತ ಬಿಸಿ. ಹಾಗಾದರೆ ಕರಗಲ್ವಾ? ಎಲೆಯೊಳಗೆ ಕೂದಲೆಳೆಯಂಥ ದಾರಿ ಕೊರೆದು ತಣ್ಣನೆ ಗಾಳಿ ಹಾಯಿಸ್ತಾರೆ, ಮೇಲೆ ಪಿಂಗಾಣಿ ಜಾತಿಯ ಲೇಪ. ಇಡೀ ಎಲೆ ಒಂದೇ ಹರಳಾಗಿ ಬೆಳೆಯಬೇಕು. ಹರಳುಗಳ ನಡುವೆ ಗಡಿ ಇದ್ದರೆ ಶಾಖದಲ್ಲಿ ಅಲ್ಲೇ ಹಿಗ್ಗಿ ಬಿರಿಯುತ್ತೆ. ಅದನ್ನು ಬೆಳೆಸೋ ಕುಲುಮೆಯ ಪಾಕ ಯಾವ ದೇಶವೂ ಹೇಳಿಕೊಡಲ್ಲ. ಹುಣಸೆಹಣ್ಣು ಹಿಂಡಿದ ಹಾಗೆ ಹಿಂಡಿದರೂ ಬಾಯಿಬಿಡಲ್ಲ.

ನಮ್ಮ ಮಾರುತ್ ಯುದ್ಧವಿಮಾನ ನೆನಪಿದೆಯಾ? ಜರ್ಮನಿಯ ಎಂಜಿನಿಯರ್ ಕುರ್ಟ್ ಟ್ಯಾಂಕ್ ವಿನ್ಯಾಸ, 1961ರಲ್ಲಿ ಹಾರಿತು, ರೂಪಕ್ಕೆ ಎಣೆ ಇಲ್ಲ. ಎಂಜಿನ್ ಸಾಲದೆ ಸೊರಗಿತು. ತೇಜಸ್‌ಗೆ ಅಂತ ಇಲ್ಲೇ ಮಾಡಲು ಹೊರಟ ಕಾವೇರಿ ಎಂಜಿನ್‌ಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು. ಆಮೇಲೆ ತೇಜಸ್‌ನ ಹೊಸ ಮಾದರಿ ಮಾರ್ಕ್-1ಎಯ ಚೌಕಟ್ಟುಗಳು ಜಿಇ ಕಂಪನಿಯ ಎಫ್404 ಬರೋದನ್ನ ಕಾಯ್ತಾ ಕೂತವು. 83 ವಿಮಾನಕ್ಕೆ 2021ರ ಫೆಬ್ರವರಿಯಲ್ಲಿ ಸಹಿ ಆಯಿತು, ಅದಕ್ಕೆ ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ. ಚೀನಾದ ಜೆ-20 ಸಹ ಶುರುವಿನಲ್ಲಿ ರಷ್ಯದ ಎಂಜಿನ್ ಹಾಕಿಕೊಂಡೇ ಹಾರಿದ್ದು. ಮಸ್ಟಾಂಗ್ ಕಥೆಯೂ ಅದೇ ಅಲ್ವಾ, ಮರ್ಲಿನ್ ಬರೋವರೆಗೆ ಅದಕ್ಕೂ ಅಷ್ಟು ಬೆಲೆ ಇರಲಿಲ್ಲ.

ಗಾಳಿಗುದುರೆ

ಹಾಗಾದರೆ ಇತ್ತೀಚೆಗೆ ಬೇಗ ಮಾಡಿ ಮುಗಿಸಿದೋರು ಯಾರೂ ಇಲ್ವಾ?

ನಿಧಾನಿ

ಇದ್ದಾರೆ. ರೇಡಾರ್‌ಗೆ ಸುಲಭಕ್ಕೆ ಕಾಣದ ಎಫ್-117: 1978ರ ನವೆಂಬರ್‌ನಲ್ಲಿ ಒಪ್ಪಂದ, 1981ರ ಜೂನ್‌ನಲ್ಲಿ ಹಾರಾಟ, 1983ರ ಅಕ್ಟೋಬರ್‌ನಲ್ಲಿ ಸೇವೆ. ಗುಟ್ಟೇನು? ಹೊಸದು ಆಕಾರ ಒಂದೇ. ಎಂಜಿನ್ ಎಫ್-18ರದ್ದು, ಹಾರಾಟ ನಿಯಂತ್ರಣದ ಪೆಟ್ಟಿಗೆಗಳು ಎಫ್-16ರವು. ರೇಡಾರ್ ಹಾಕಲೇ ಇಲ್ಲ. ಎಲ್ಲ ರಹಸ್ಯ, ಕೇಳೋರು ಕಡಿಮೆ.

ದಕ್ಷಿಣ ಕೊರಿಯಾದ ಕೆಎಫ್-21 ಇನ್ನೊಂದು. 2015ರ ಕೊನೆಗೆ ಅಭಿವೃದ್ಧಿಯ ಒಪ್ಪಂದ, 2022ರ ಜುಲೈ 19ಕ್ಕೆ ಹಾರಾಟ. ಎಂಜಿನ್ ಜಿಇಯ ಎಫ್414, ಸಿದ್ಧ ಮಾಲು. ಮೊದಲ ಹಂತದ ವಿಮಾನಗಳಿಗೆ ಹೊಟ್ಟೆಯೊಳಗೆ ಆಯುಧ ಇಡೋ ಕೋಣೆಯೂ ಬೇಡ ಅಂತ ಮೊದಲೇ ತೀರ್ಮಾನಿಸಿದರು. ಆಸೆಗೆ ಲಗಾಮು ಹಾಕಿದ್ದಕ್ಕೆ ಬೇಗ ಆಯಿತು.

ರಿವೆಟ್

ಎಫ್-117ಕ್ಕೆ ಒಂದು ಸೇರಿಸಿ. ಕಾರ್ಖಾನೆಯಿಂದ ಬಂದ ಮೊದಲ ವಿಮಾನ 1982ರ ಏಪ್ರಿಲ್‌ನಲ್ಲಿ ನೆಲ ಬಿಟ್ಟ ಕ್ಷಣವೇ ಮಗುಚಿತು. ನಿಯಂತ್ರಣದ ತಂತಿಗಳನ್ನು ಅದಲುಬದಲು ಜೋಡಿಸಿದ್ದರು. ಪೈಲಟ್ ಬದುಕಿದರು, ಮತ್ತೆ ಹಾರಲಿಲ್ಲ.

ಮೂಗುತಿ

ಈಗಿನವರು ಎಲ್ಲ ಕಂಪ್ಯೂಟರ್ ಒಳಗೇ ಕಟ್ಟಿ, ಅಲ್ಲೇ ಹಾರಿಸಿ, ಆಮೇಲೆ ತಗಡು ಕತ್ತರಿಸ್ತೀವಿ ಅಂತಾರಲ್ಲ? ಅದರಿಂದ ಕಾಲ ಉಳಿಯಲ್ವಾ?

ಬಿಟ್ಟು_ಬೈಟು

ಬೋಯಿಂಗ್‌ನ ಟಿ-7 ತರಬೇತಿ ವಿಮಾನ ಆ ಮಾತಿಗೇ ಹೆಸರಾದದ್ದು. ಕಾಗದದಿಂದ ಮೊದಲ ಹಾರಾಟಕ್ಕೆ ಮೂರೇ ವರ್ಷ, 2016ರ ಡಿಸೆಂಬರ್‌ನಲ್ಲಿ ಹಾರಿತು. ಭಾಗಗಳು ಲೀಲಾಜಾಲವಾಗಿ ಕೂಡಿಕೊಂಡವು ಅಂತ ಎಲ್ಲರೂ ಕೊಂಡಾಡಿದರು. ರಿವೆಟ್ ಅವರ ತೂತಿನ ಗೋಳು ಅಲ್ಲಿ ಇರಲಿಲ್ಲ! 2018ರಲ್ಲಿ ವಾಯುಪಡೆ ಆರ್ಡರ್ ಕೊಟ್ಟಿತು. ಆಮೇಲೆ ವರ್ಷದ ಮೇಲೆ ವರ್ಷ ಮುಂದಕ್ಕೆ ಹೋಯಿತು. ಮುಖ್ಯ ಕಾರಣಗಳಲ್ಲಿ ಒಂದು ಪೈಲಟ್‌ನ ತುರ್ತು ಆಸನ. ಎತ್ತರದ ಗಂಡಸರಿಂದ ಪುಟ್ಟ ಮೈಕಟ್ಟಿನ ಹೆಂಗಸರವರೆಗೆ ಎಲ್ಲರನ್ನೂ ಕತ್ತು ಮುರಿಯದೆ ಹೊರಗೆ ಚಿಮ್ಮಿಸಬೇಕು ಅನ್ನೋದು ಷರತ್ತು. ಅದನ್ನು ರಾಕೆಟ್ ಬಂಡಿಯ ಮೇಲೆ ಕೂರಿಸಿ, ಗೊಂಬೆ ಕಟ್ಟಿ, ಹಳಿ ಮೇಲೆ ಓಡಿಸಿ ನೋಡಲೇಬೇಕು.

ರಿವೆಟ್

ಆ ಗೊಂಬೆ ಬದಲು ಮೊದಲೆಲ್ಲ ಮನುಷ್ಯರೇ ಕೂರ್ತಿದ್ದರು.

ಗಾಳಿಗುದುರೆ

ಶೀರ್ಷಿಕೆಯಲ್ಲಿ ‘102 ದಿನ’ದ ಮುಂದೆ ‘ಎಂಜಿನ್ ಬಿಟ್ಟು’ ಅಂತ ಸೇರಿಸಬೇಕು ಅಂತ ನೋಡಿದೆ. ತಿದ್ದೋಕೆ ಬಿಡ್ತಿಲ್ಲ.